ಹಸು ಕಂದು ಹಾಕಿದೆ, ಸೊಸೆ ಬಸುರಿ

ಪ್ರಶ್ನೆ: ನಮ್ಮ ಎಚ್‌ಎಫ್ ಹಸು 7 ತಿಂಗಳಿಗೇ ಕಂದು ಹಾಕಿತು. ಬಸುರಿ ಸೊಸೆ ಬರಿಗೈಯಲ್ಲೇ ಮಾಸು ಎತ್ತಿ ತಿಪ್ಪೆಗೆ ಹಾಕಿದಳು. ಅವಳಿಗೇನಾದರೂ ತೊಂದರೆಯೇ?
– ಒಬ್ಬ ಅತ್ತೆ, ಹಾಸನ ಜಿಲ್ಲೆ

ಉತ್ತರ: ಆಗಬಹುದು, ತಾಯಿ. ಕಂದು ಹಾಕಿದ್ದಕ್ಕೆಲ್ಲ ಕಂದು ರೋಗವೇ (ದನಗಳಿಗೆ ಗರ್ಭಪಾತ ಮಾಡಿಸುವ ಬ್ರುಸೆಲ್ಲೋಸಿಸ್) ಕಾರಣವಲ್ಲ. ಆದರೆ ಅದೇ ಆಗಿದ್ದರೆ, ಬ್ರುಸೆಲ್ಲಾ ಬ್ಯಾಕ್ಟೀರಿಯಾ ದಂಡಿಯಾಗಿ ಇರುವುದು ಮಾಸಿನಲ್ಲೇ. ಕೈಯ ತರಚು ಗಾಯ ಸಾಕು ಮೈಗೆ ಇಳಿಯಲು. ಹೆಂಗಸರಿಗೂ ಗರ್ಭಪಾತವಾಗಬಹುದು. ಜ್ವರ ಬರಲೆಂದು ಕಾಯದೆ ರಕ್ತ ಪರೀಕ್ಷೆ ಮಾಡಿಸಿ. ಮಾಸು ಮುಟ್ಟಿದ್ದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಈ ರೋಗದ ಸೊಂಟನೋವು, ರಾತ್ರಿ ಬೆವರನ್ನು ಬಸುರಿಗೆ ಮಾಮೂಲು ಅಂದುಬಿಡುತ್ತಾರೆ. ರೋಗವಿದ್ದರೂ ಬಸುರಿಗೆ ಕೊಡಬಹುದಾದ ಔಷಧ ಇದೆ.

ತಿಪ್ಪೆಯಲ್ಲಿರುವುದನ್ನು ಬೇರೆ ಯಾರಾದರೂ ಗ್ಲೌಸ್ ಹಾಕಿಕೊಂಡು, ನಾಯಿ ಎಳೆಯದಷ್ಟು ಆಳಕ್ಕೆ ಸುಣ್ಣ ಸುರಿದು ಹೂಳಲಿ. ಹಸುವಿನ ರಕ್ತವನ್ನೂ ಪರೀಕ್ಷೆಗೆ ಕೊಡಿ. ಹಾಲು ಕಾಯಿಸದೆ ಯಾರೂ ಕುಡಿಯಬೇಡಿ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಈ ರೋಗದ ಲಸಿಕೆ ಹಾಕಿಸಿ. ಆಗಲೂ ಸೊಸೆ ದೂರವಿರಲಿ, ಲಸಿಕೆಯಲ್ಲಿರುವುದು ಜೀವಂತ ಬ್ಯಾಕ್ಟೀರಿಯಾ.