ಶಾಲೆ ಕೋಣೆಗೆ ಶಾಸಕರ ನಿಧಿ: ಹಾನಗಲ್‌ನವರ ಪ್ರಶ್ನೆಗೆ

ಶಾಲೆಗೆ ಎರಡು ಕೋಣೆ ಬೇಕೆಂದು ಜಾತ್ರೆಯಲ್ಲಿ ಶಾಸಕರಿಗೆ ಹೇಳಿದ್ವಿ, 'ಮಾಡೋಣ' ಅಂದ್ರು, ಆಮೇಲೆ ಸುದ್ದಿಯಿಲ್ಲ, ಮುಂದೇನು ಅಂತ ಕೇಳಿದ್ದೀರಿ. ಜಾತ್ರೆ ಗದ್ದಲದಲ್ಲಿ ಹೇಳಿದ ಮಾತು ಅಲ್ಲೇ ಉಳಿಯುತ್ತೆ ಸರ್, ಕಾಗದ ಬೇಕು.

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ ತಲಾ 2 ಕೋಟಿ ರೂಪಾಯಿ ಇರುತ್ತೆ. ಆ ದುಡ್ಡು ಅವರ ಕೈಗೆ ಬರೋದಿಲ್ಲ. ಅವರು ಶಿಫಾರಸು ಮಾಡ್ತಾರೆ, ಮಂಜೂರು ಮಾಡೋದು ಹಾವೇರಿಯ ಜಿಲ್ಲಾಧಿಕಾರಿ. ಹಾಗಾಗಿ ನೀವು ಕೇಳಬೇಕಾದ್ದು ಭರವಸೆ ಅಲ್ಲ, ಜಿಲ್ಲಾಧಿಕಾರಿಗೆ ಬರೆದ ಶಿಫಾರಸು ಪತ್ರ.

ಮೊದಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆದು ಠರಾವು ಬರೆಸಿ. ಮುಖ್ಯೋಪಾಧ್ಯಾಯರ ಸಹಿ, ಮಕ್ಕಳ ಸಂಖ್ಯೆ, ಜಾಗ ಶಾಲೆಯದ್ದೇ ಅನ್ನೋ ಉತಾರ (ಆಸ್ತಿ ದಾಖಲೆ), ಎಂಜಿನಿಯರ್ ಕೊಟ್ಟ ಅಂದಾಜು ಪಟ್ಟಿ, ಎಲ್ಲಾ ಒಂದೇ ಫೈಲಿನಲ್ಲಿರಲಿ. ಮಳೆಗಾಲದಲ್ಲಿ ವರಾಂಡದಲ್ಲಿ ಕೂತ ಮಕ್ಕಳ ಫೋಟೋ ಇದ್ರೆ ಖಂಡಿತ ಹಚ್ಚಿ, ನೋಡಿದವರಿಗೆ ಬೇರೆ ವಿವರಣೆ ಬೇಡ. ಶಾಸಕರ ಕಚೇರಿಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸದೆ ಎದ್ದು ಬರಬೇಡಿ.

ಬಹಳ ಜನ ಮರೆಯೋದು ವಿಧಾನ ಪರಿಷತ್ ಸದಸ್ಯರನ್ನ. ಅವರಿಗೂ ಈ ನಿಧಿ ಇದೆ. ಶಿಕ್ಷಕರೇ ಮತ ಹಾಕಿ ಪರಿಷತ್ತಿಗೆ ಸದಸ್ಯರನ್ನ ಆರಿಸೋ ಪಶ್ಚಿಮ ಶಿಕ್ಷಕರ ಕ್ಷೇತ್ರದಲ್ಲಿ ಹಾವೇರಿ ಜಿಲ್ಲೆಯೂ ಸೇರುತ್ತೆ. ಶಾಲೆಯ ವಿಷಯ ಅಲ್ವಾ, ಆ ಕ್ಷೇತ್ರದ ಸದಸ್ಯರಿಗೂ ಒಂದು ಪ್ರತಿ ಕೊಡಿ.