ಒಂದೇ ಬಾಣಲೆಯಲ್ಲಿ ಚಿಕನ್ ಪಾಸ್ತಾ ಮಾಡಿದರೆ ಪಾಸ್ತಾ ಮುದ್ದೆ, ಚಿಕನ್ ರಬ್ಬರ್ ಆಗುತ್ತೆ. ಏನು ಮಾಡಲಿ?

ನನ್ನ ಮೊದಲ ಸಲದ ಕಥೆಯೂ ಇದೇ. ಪ್ಯಾಕೆಟ್ ಮೇಲೆ 100 ಗ್ರಾಂಗೆ ಒಂದು ಲೀಟರ್ ನೀರು ಅಂತಿತ್ತು. ಅದನ್ನೇ ನಂಬಿ 200 ಗ್ರಾಂ ಪೆನ್ನೆಗೆ (ಕೊಳವೆ ಆಕಾರದ ಪಾಸ್ತಾ) ಎರಡು ಲೀಟರ್ ಸುರಿದೆ. ಆ ಲೆಕ್ಕ ನೀರು ಬಸಿಯುವವರಿಗೆ ಅನ್ನೋದು ತಲೆಗೆ ಹೊಳೆಯಲೇ ಇಲ್ಲ. ನೀರು ಇಂಗಲಿ ಅಂತ ಕುದಿಸಿದೆ, ಕುದಿಸಿದೆ. ಅಮ್ಮ ಒಂದು ಚಮಚ ಬಾಯಿಗಿಟ್ಟು, "ಪಾಯಸ ಚೆನ್ನಾಗಿದೆ, ಬೆಲ್ಲ ಹಾಕೋದು ಮರೆತಿದ್ದೀಯ" ಅಂದರು.

ಇದನ್ನ ಪಲಾವ್ ಥರ ನೋಡಿ. ನೀರು ಅಳತೆಗೆ ಬೀಳಬೇಕು, ಎಲ್ಲವೂ ಒಳಗೇ ಇಂಗಬೇಕು. ಪಾಸ್ತಾ ಬಿಡುವ ಗಂಜಿಯೇ ಇಲ್ಲಿ ಸಾಸನ್ನ ದಪ್ಪ ಮಾಡೋದು, ಬೇರೆ ಮೈದಾ, ಕಾರ್ನ್‌ಫ್ಲೋರ್ ಏನೂ ಬೇಡ. ಇಬ್ಬರಿಗೆ 200 ಗ್ರಾಂ ಪೆನ್ನೆ, ಮೂರು ಟೊಮೆಟೊ, 600 ಎಂಎಲ್ ಬಿಸಿನೀರು. ಬಾಣಲೆ ಅಗಲವಿದ್ದರೆ ನೀರು ಬೇಗ ಆರುತ್ತೆ, ಹಾಗಾಗಿ ಪಕ್ಕದಲ್ಲಿ ಇನ್ನೊಂದು ಲೋಟ ಬಿಸಿನೀರು ಇರಲಿ. ಪಾಸ್ತಾ ಕೊಳ್ಳುವಾಗ ಡ್ಯೂರಮ್ ಗೋಧಿಯದು ಅಂತ ನೋಡಿ. ನಮ್ಮ ಬನ್ಸಿ ರವೆಯೂ ಅದೇ ಜಾತಿಯ ಗಟ್ಟಿ ಗೋಧಿ. ಮೈದಾದ ಅಗ್ಗದ ಪಾಸ್ತಾ ಇಲ್ಲಿ ಬೇಗ ಕದಡಿಹೋಗುತ್ತೆ.

ಇನ್ನು ಚಿಕನ್. ನೀವು ಬಹುಶಃ ಎದೆಯ ಭಾಗ ಹಾಕಿ ಪಾಸ್ತಾ ಜೊತೆಗೇ ಕೊನೆಯವರೆಗೂ ಬೇಯಿಸಿದ್ದೀರಿ. ಮೂಳೆ ಬಿಡಿಸಿದ ತೊಡೆ ಮಾಂಸ 300 ಗ್ರಾಂ ತಗೊಳ್ಳಿ, ಅದರಲ್ಲಿ ಕೊಬ್ಬು ಸ್ವಲ್ಪ ಹೆಚ್ಚು, ಬೇಗ ಒಣಗಲ್ಲ. ಒಂದಂಗುಲದ ತುಂಡು, ಉಪ್ಪು, ಕಾಳುಮೆಣಸಿನ ಪುಡಿ. ಮೇಲಿನ ತೇವವನ್ನ ಟಿಶ್ಯೂನಲ್ಲಿ ಒರೆಸೋದು ಮರೀಬೇಡಿ. ಒದ್ದೆ ಚಿಕನ್ ಎಣ್ಣೆಯಲ್ಲಿ ಹುರಿಯಲ್ಲ, ತನ್ನ ನೀರಲ್ಲೇ ಬೇಯುತ್ತೆ. ಎಣ್ಣೆ ಚೆನ್ನಾಗಿ ಕಾದ ಮೇಲೆ ತುಂಡುಗಳನ್ನ ಬಿಡಿಬಿಡಿಯಾಗಿ ಇಟ್ಟು ಮೂರು ನಿಮಿಷ ಕೈ ಕಟ್ಟಿ ನಿಂತುಕೊಳ್ಳಿ. ಮೊದಲು ತಳಕ್ಕೆ ಕಚ್ಚಿಕೊಂಡಿರುತ್ತೆ, ಆಮೇಲೆ ಕಂದು ಬಣ್ಣ ಬಂದಾಗ ತಾನೇ ಬಿಡುತ್ತೆ. ಮಗುಚಿ ಇನ್ನೆರಡು ನಿಮಿಷ, ತೆಗೆದು ತಟ್ಟೆಗೆ. ಒಳಗೆ ಪೂರ್ತಿ ಬೆಂದಿರಲ್ಲ, ಪರವಾಗಿಲ್ಲ.

ಅದೇ ಬಾಣಲೆಗೆ ಒಂದು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಆಮೇಲೆ ಹೆಚ್ಚಿದ ಟೊಮೆಟೊ, ಉಪ್ಪು, ಬ್ಯಾಡಗಿ ಮೆಣಸಿನಪುಡಿ ಒಂದು ಚಮಚ. ಟೊಮೆಟೊ ನೀರು ಬಿಟ್ಟಾಗ ತಳಕ್ಕೆ ಹಿಡಿದ ಕಂದು ಚಕ್ಕೆಯನ್ನ ಮರದ ಸೌಟಿನಿಂದ ಕೆರೆದುಬಿಡಿ. ಸಾರಿನ ರುಚಿಯೆಲ್ಲ ಅಲ್ಲಿದೆ, ಅದನ್ನ ತೊಳೆದು ಚೆಲ್ಲಿದರೆ ಒಂದೇ ಬಾಣಲೆಯಲ್ಲಿ ಮಾಡಿ ಏನು ಬಂತು?

ಈಗ ಬಿಸಿನೀರು, ಕುದಿ ಬಂದ ಮೇಲೆ ಪಾಸ್ತಾ. ಮೊದಲ ಮೂರ್ನಾಲ್ಕು ನಿಮಿಷ ಬಿಡದೆ ಕೈಯಾಡಿಸಿ, ಅಂಟಿಕೊಳ್ಳೋದು ಆಗಲೇ. ಆಮೇಲೆ ಮಧ್ಯಮ ಉರಿ, ಅರ್ಧ ಮುಚ್ಚಳ. ಪ್ಯಾಕೆಟ್ 11 ನಿಮಿಷ ಅಂದರೆ ಏಳನೇ ನಿಮಿಷಕ್ಕೆ ಚಿಕನ್ನನ್ನ, ತಟ್ಟೆಯಲ್ಲಿ ಇಳಿದಿರುವ ರಸದ ಸಮೇತ, ವಾಪಸ್ ಹಾಕಿ. ಒಂಬತ್ತರಿಂದ ಪಾಸ್ತಾ ಕಚ್ಚಿ ನೋಡ್ತಾ ಇರಿ. ಟೊಮೆಟೊ ಹುಳಿ ಜಾಸ್ತಿಯಿದ್ದರೆ ಒಂದೆರಡು ನಿಮಿಷ ಹೆಚ್ಚಿಗೆ ಹಿಡಿಯಬಹುದು. ಚಿಕನ್‌ನ ಎಲ್ಲಕ್ಕಿಂತ ದಪ್ಪ ತುಂಡನ್ನ ಕತ್ತರಿಸಿ ನೋಡಿ: ಗುಲಾಬಿ ಬಣ್ಣ ಉಳಿದಿರಬಾರದು. ಥರ್ಮಾಮೀಟರ್ ಇದ್ದರೆ 74 ಡಿಗ್ರಿ ಸೆಲ್ಸಿಯಸ್.

ಪಾಸ್ತಾ ನಡುವೆ ಚೂರು ಗಟ್ಟಿ ಇದ್ದು, ಸಾಸ್ ಇನ್ನೂ ಸ್ವಲ್ಪ ತೆಳು ಅನ್ನಿಸುವಾಗಲೇ ಒಲೆ ಆರಿಸಿ. ಐದು ನಿಮಿಷದಲ್ಲಿ ತಾನೇ ಎಳೆದುಕೊಳ್ಳುತ್ತೆ. ಉಪ್ಪಿಟ್ಟು ಮಾಡುವವರಿಗೆ ಇದು ಹೇಳಬೇಕಿಲ್ಲ. ಕ್ರೀಮ್ ಬೇಕಿದ್ದರೆ ಆರಿಸಿದ ಮೇಲೆ ಮೂರು ಚಮಚ. ಹಾಲು ಮಾತ್ರ ಬೇಡ, ಟೊಮೆಟೊ ಹುಳಿಗೆ ಒಡೆಯುತ್ತೆ. ಚೀಸ್ ಅಂದರೆ ನಾನು ಮಾಮೂಲಿ ಸಂಸ್ಕರಿಸಿದ ಚೀಸ್ ಕ್ಯೂಬ್ ಎರಡು ತುರಿದು ಹಾಕ್ತೀನಿ, ನುಣ್ಣಗೆ ಕರಗುತ್ತೆ. ಇಟಲಿಯವರು ಕೇಳಿದರೆ ಬೈತಾರೇನೋ. ಅವರಲ್ಲಿ ಪಾಸ್ತಾಗೆ ಚಿಕನ್ ಹಾಕೋ ರೂಢಿಯೇ ಕಡಿಮೆ, ಬೈಯಲು ಅದೇ ಸಾಕು.

ಮಿಕ್ಕಿದ್ದು ಬೆಳಿಗ್ಗೆ ಫ್ರಿಜ್‌ನಲ್ಲಿ ಇಟ್ಟಿಗೆಯಾಗಿರುತ್ತೆ. ಕಾಲು ಲೋಟ ನೀರು ಹಾಕಿ, ಮುಚ್ಚಿ, ಹಬೆ ಏಳುವಷ್ಟು ಬಿಸಿ ಮಾಡಿ. ನಮ್ಮನೆಯಲ್ಲಿ ಆ ಹೊತ್ತಿಗೆ ಅದರ ಮೇಲೆ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪೂ ಬಿದ್ದಿರುತ್ತೆ.