ಒಣದ್ರಾಕ್ಷಿ ಕಂಪನಿ ಮಾಡಲು ಹೊರಟವರಿಗೆ

ನಮಸ್ಕಾರ್ರಿ. ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ನಿಮ್ಮ ಊರಲ್ಲಿ ಒಣದ್ರಾಕ್ಷಿ ಮಾಡುವವರೆಲ್ಲ ಸೇರಿ ರೈತ ಉತ್ಪಾದಕ ಕಂಪನಿ (ಬೆಳೆಗಾರರೇ ಸದಸ್ಯರಾಗಿ ನಡೆಸುವ ಕಂಪನಿ) ಮಾಡಬೇಕು, ಆದರೆ ಸಭೆ ಕರೆದರೆ ಜನ ಬರುತ್ತಿಲ್ಲ ಅಂತ ಬರೆದಿದ್ದೀರಿ.

ನೋಂದಣಿ ದೊಡ್ಡ ವಿಷಯವಲ್ಲ. ಹತ್ತು ಬೆಳೆಗಾರರು ಸಾಕು, ಅವರಲ್ಲಿ ಐವರು ನಿರ್ದೇಶಕರು.

ನಿಜವಾದ ತೊಡಕು ದಲಾಲಿ ಅಂಗಡಿಯ ಮುಂಗಡ. ಔಷಧಿಗೋ ಮಗಳ ಮದುವೆಗೋ ದುಡ್ಡು ತಂದವರು ಮಾಲನ್ನೂ ಅಲ್ಲಿಗೇ ಹಾಕಬೇಕು. ಅಂಥವರಿಗೆ ‘ಒಟ್ಟಿಗೆ ಮಾರೋಣ’ ಅಂದರೆ ಸುಮ್ನೆ ತಲೆಯಾಡಿಸಿ ಹೋಗುತ್ತಾರೆ. ಹಾಗಾಗಿ ಮಾರಾಟದ ಮಾತು ಈಗಲೇ ಎತ್ತಬೇಡಿ, ಖರೀದಿಯಿಂದ ಶುರು ಮಾಡಿ. ಒಣಗಿಸುವ ಮುಂಚೆ ಹಣ್ಣು ಅದ್ದಲು ಡಿಪ್ಪಿಂಗ್ ಆಯಿಲ್, ಪೊಟ್ಯಾಶಿಯಂ ಕಾರ್ಬೊನೇಟ್ ಎಲ್ಲರಿಗೂ ಬೇಕೇ ಬೇಕು. ಕಟಾವಿಗೆ ಮುಂಚೆ ಒಟ್ಟಿಗೆ ತರಿಸಿ. ಉಳಿದ ದುಡ್ಡು ಕಣ್ಣಿಗೆ ಕಂಡರೆ ಮುಂದಿನ ಸಭೆಗೆ ತಾವಾಗಿಯೇ ಬರುತ್ತಾರೆ.

ಮಾರಾಟ ಮುಂದಿನ ವರ್ಷ, ಅದೂ ಸ್ವಲ್ಪ ಮಾಲಿನಿಂದ. ನಾಲ್ಕು ಕೆಜಿ ಹಣ್ಣು ಒಣಗಿಸಿದರೆ ಸಿಗುವುದು ಸುಮಾರು ಒಂದು ಕೆಜಿ. ಅದರ ದರವೂ ಬಣ್ಣ, ಗಾತ್ರದ ಮೇಲೆ. ಎಲ್ಲರದ್ದನ್ನೂ ಕಲೆಸಿ ಮಾರಿದರೆ ಲಾಭಕ್ಕಿಂತ ಜಗಳವೇ ಜಾಸ್ತಿ. ಯಾರ ಮಾಲು ಯಾವ ಗ್ರೇಡು ಅಂತ ಅವರ ಎದುರೇ ತೂಗಿ ಬರೆದಿಡಿ. ಕಡ್ಡಿ ತೆಗೆದು ಆರಿಸುವ ಹೆಣ್ಣುಮಕ್ಕಳನ್ನೂ ಈ ಮಾತುಕತೆಗೆ ಕರೆಯಿರಿ. ಮಾಲಿನ ಗುಣ ಅವರಿಗೆ ಗೊತ್ತಿರುವಷ್ಟು ಒಣಗಿಸುವ ಶೆಡ್ ಮಾಲೀಕರಿಗೂ ಗೊತ್ತಿರುವುದಿಲ್ಲ. ವಿಜಯಪುರ, ಸಾಂಗಲಿ, ತಾಸಗಾಂವ್ ಮೂರೂ ಮಾರುಕಟ್ಟೆಯ ದರವನ್ನು ವಾಟ್ಸಾಪ್‌ನಲ್ಲಿ ಹಾಕುತ್ತಿರಿ.

ಇನ್ನೊಂದು, ಸಭೆಯನ್ನು ಯಾರ ಮನೆಯಲ್ಲೂ ಇಡಬೇಡಿ, ಶಾಲೆಯಲ್ಲಿ ಇಡಿ. ಊರ ಪಾರ್ಟಿ ಗಲಾಟೆ ನಿಮಗೇ ಗೊತ್ತಲ್ವಾ.